ಆರುನೂರ ಹದಿನಾಲ್ಕನೇ ನಂಬರಿನ ಕತ್ತಾಳೆ ಮತ್ತು ಶಾರ್ಕ್

ಗುರುವಾರ, ಬೆಳಗ್ಗೆ ಹತ್ತು ಗಂಟೆ

ಚಿರಂಜೀವಿ ಮರಿಗೆ,

ಅಪ್ಪನ ಆಶೀರ್ವಾದಗಳು. ನಾನು ಕ್ಷೇಮ, ಬಲಮಂಡಿ ಮಾತ್ರ ಕ್ಷೇಮವಿಲ್ಲ. ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಅಳಿಯಂದಿರ ಕೆಮ್ಮು ಹೇಗಿದೆ? ಮೊಮ್ಮಗಳ ಮುಂದಿನ ಹಲ್ಲು ಬಿದ್ದ ಫೋಟೋ ನೋಡಿದೆ. ಶಾರ್ಕಿಗೆ ಒಂದು ಹಲ್ಲು ಬಿದ್ದರೆ ಹಿಂದಿನ ಸಾಲಿನದು ಮುಂದೆ ಬಂದು ನಿಲ್ಲುತ್ತದೆ, ನಿನ್ನ ಹಾಗೆ ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡು ನಗಬೇಕಾಗಿಲ್ಲ ಎಂದು ಅವಳಿಗೆ ಹೇಳು.

ಮೊದಲು ತಪ್ಪೊಪ್ಪಿಗೆ. ನಿನ್ನ ಅಮ್ಮ ಒತ್ತಿ ಅಂಟಿಸಿದ ಕತ್ತಾಳೆ ಹೂವಿನ ಹಾಳೆ ಬೇಕು, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆ ಎಂದು ನೀನು ಕೇಳಿ ಮೂರು ತಿಂಗಳಾಯಿತು. ಫೋನಿನಲ್ಲಿ ನಾಲ್ಕು ಸಲವಾದರೂ "ನಾಳೆ ಕಳಿಸ್ತೀನಿ" ಎಂದಿದ್ದೇನೆ. ಅಂಚೆಯವರ ತಪ್ಪಲ್ಲ, ಮಂಡಿಯ ತಪ್ಪೂ ಅಲ್ಲ. ಹಾಳೆ ಮೇಜಿನ ಮೇಲೆಯೇ ಇದೆ, ರಟ್ಟು ಕತ್ತರಿಸಿದ್ದಾಗಿದೆ, ದಾರವೂ ಇದೆ. ಕಳಿಸಲು ಕೈ ಬಂದಿರಲಿಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ. ಕಾಗದದಲ್ಲಿ ನಾನೊಬ್ಬನೇ ಮಾತಾಡಬಹುದು.

ಈಗ ಭಾನುವಾರದ ವಿಷಯ. ನೀನು ಅಂದದ್ದನ್ನೆಲ್ಲ ನಾನು ಕೇಳಿಸಿಕೊಂಡಿದ್ದೇನೆ, ಕಿವಿ ಇನ್ನೂ ಚೆನ್ನಾಗಿದೆ. "ಅಪ್ಪ, ಆ ದೂರು ವಾಪಸ್ ತಗೊಂಡುಬಿಡಿ. ನಮ್ಮ ಸ್ಟಾಫ್ ರೂಮಲ್ಲಿ ಎಲ್ಲರಿಗೂ ಗೊತ್ತಾಗಿದೆ. ನಮ್ಮ ಮುಖ್ಯಸ್ಥರು ಟೀ ಕುಡೀತಾ ಕೇಳ್ತಾರೆ, ಏನಮ್ಮ, ನಿಮ್ಮ ತಂದೆಯವರ ಶಾರ್ಕ್ ಹೇಗಿದೆ ಅಂತ. ನಾನು ಅದೇ ಯೂನಿವರ್ಸಿಟೀಲಿ ಪಾಠ ಮಾಡೋಳು. ನನ್ನ ಮುಖಕ್ಕಾದ್ರೂ ಬೆಲೆ ಕೊಡಿ." ಇಷ್ಟು ಹೇಳಿ ನಿಲ್ಲಿಸಿದ್ದರೆ ಸುಮ್ಮನಿರುತ್ತಿದ್ದೆನೇನೋ. ಆಮೇಲೆ ಅಂದೆಯಲ್ಲ, "ಅಮ್ಮಂಗೆ ನಲವತ್ತು ವರ್ಷ ಬಿ.ಎಸ್ಸಿ. ಅಂತ ಸುಳ್ಳು ಹೇಳ್ಕೊಂಡು ಬಂದ್ರಿ. ಅವಳೇ ಇಲ್ಲ. ಈಗ ಯಾರಿಗೋಸ್ಕರ ಪಾಸಾಗ್ಬೇಕು ನೀವು?"

ಕೇಳಬೇಕಾದ ಪ್ರಶ್ನೆಯೇ. ಉತ್ತರ ಇದೆ, ಕೊನೆಗೆ ಬರುತ್ತದೆ. ಅದಕ್ಕೆ ಮುಂಚೆ ಒಂದು ಮಾತು ಸ್ಪಷ್ಟವಾಗಿ ಬರೆದುಬಿಡುತ್ತೇನೆ. ನಾನು ದೂರು ವಾಪಸ್ ತೆಗೆದುಕೊಳ್ಳುವುದಿಲ್ಲ. ಸೋಮವಾರ ಹನ್ನೊಂದಕ್ಕೆ ವಿಚಾರಣೆಗೆ ಕರೆದಿದ್ದಾರೆ. ಹೋಗುತ್ತೇನೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಹೋಗುತ್ತೇನೆ.

ಸುಳ್ಳಿನ ವಿಷಯಕ್ಕೂ ಒಂದು ತಿದ್ದುಪಡಿ. ಮದುವೆ ಮಾತುಕತೆಯಲ್ಲಿ ನಿನ್ನ ಅಜ್ಜ ಕೇಳಿದ್ದು "ಎಷ್ಟು ಓದಿದೀರಿ?" ಎಂದು. "ಬಿ.ಎಸ್ಸಿ. ಓದಿದೀನಿ" ಎಂದೆ. ಓದಿದ್ದು ನಿಜ, ಮೂರು ವರ್ಷ ಓದಿದ್ದೇನೆ. ಪ್ರಾಣಿಶಾಸ್ತ್ರದಲ್ಲಿ ಮೊದಲ ದರ್ಜೆ. ಇಂಗ್ಲಿಷ್ ಒಂದರಲ್ಲಿ ಡುಮ್ಕಿ, ಅದೂ ನಾಲ್ಕು ಸಲ. ಪಾಸಾಗಿದ್ದೀರಾ ಎಂದು ಅವರು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ. ಇದನ್ನು ಸುಳ್ಳು ಎನ್ನುವೆಯಾದರೆ ಅನ್ನು. ವಕೀಲರಾದರೆ ಬೇರೆ ಏನಾದರೂ ಅನ್ನುತ್ತಿದ್ದರು.

ಕಳೆದ ವರ್ಷ ಯೂನಿವರ್ಸಿಟಿಯವರು ಪ್ರಕಟಣೆ ಹೊರಡಿಸಿದರು, ಹಳೆಯ ವಿದ್ಯಾರ್ಥಿಗಳು ಉಳಿಸಿಕೊಂಡಿರುವ ವಿಷಯಗಳನ್ನು ಮುಗಿಸಿಕೊಳ್ಳಲು ಎರಡು ಅವಕಾಶ, ಆಮೇಲೆ ಇಲ್ಲ ಎಂದು. ನಲವತ್ತೇಳು ವರ್ಷ ಹಳೆಯ ಹಾಲ್ ಟಿಕೆಟ್ ತೋರಿಸಿದಾಗ ಕೌಂಟರಿನ ಹೆಣ್ಣುಮಗಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಸರ್, ಇದು ನಿಮ್ಮ ಮಗಂದಾ?" ಎಂದಳು. "ಇಲ್ಲಮ್ಮ, ಈ ಫೋಟೋದಲ್ಲಿರೋ ಕೂದಲು ನಂದೇ" ಎಂದೆ. ಪರೀಕ್ಷೆಯ ದಿನ ನಾನು ಒಳಗೆ ಹೋದಾಗ ಮಕ್ಕಳೆಲ್ಲ ಎದ್ದು ನಿಂತವು, ಮೇಲ್ವಿಚಾರಕರು ಬಂದರು ಅಂದುಕೊಂಡು. ನನ್ನ ಬೆಂಚಿನಲ್ಲಿ ಕೂತಿದ್ದ ಹುಡುಗಿ ಪೆನ್ನಿನ ಮುಚ್ಚಳ ಕಚ್ಚಿಕೊಂಡು ಪಿಸುಗುಟ್ಟಿದಳು, "ತಾತ, ಗ್ರಾಮರ್ ಬಂದ್ರೆ ಸ್ವಲ್ಪ ಓರೆ ಮಾಡಿ ಬರೀರಿ." ಪಾಪ, ನನ್ನ ಗ್ರಾಮರ್ ನೋಡಿ ಬರೆದಿದ್ದರೆ ಅವಳೂ ನನ್ನ ಜೊತೆ ವಿಚಾರಣೆಗೆ ಬರಬೇಕಾಗುತ್ತಿತ್ತು.

ಹದಿನೈದು ಅಂಕದ ಪ್ರಶ್ನೆ ಹೀಗಿತ್ತು: ಕಂಪೇರ್ ಅಂಡ್ ಕಾಂಟ್ರಾಸ್ಟ್ ಎನಿ ಟೂ ಥಿಂಗ್ಸ್ ನೋನ್ ಟು ಯು. ನಿನಗೆ ಗೊತ್ತಿರುವ ಯಾವುದಾದರೂ ಎರಡನ್ನು ತೆಗೆದುಕೊಂಡು ಎಲ್ಲಿ ಸರಿಹೋಗುತ್ತವೆ, ಎಲ್ಲಿ ಬೇರೆಯಾಗುತ್ತವೆ ಬರಿ. ಮರಿ, ಆ ಪ್ರಶ್ನೆ ನೋಡಿ ನನಗೆ ಬೆಂಚಿನಲ್ಲಿ ಕೂತಿರಲಾಗಲಿಲ್ಲ. ಉಳಿದ ಮಕ್ಕಳು ಹಳ್ಳಿ ಮತ್ತು ನಗರ, ರೇಡಿಯೊ ಮತ್ತು ಟಿ.ವಿ. ಎಂದು ಬರೆಯುತ್ತಿದ್ದವು. ನನಗೆ ಈ ಲೋಕದಲ್ಲಿ ಚೆನ್ನಾಗಿ ಗೊತ್ತಿರುವುದು ಎರಡೇ. ೬೧೪ ಅ, ೬೧೪ ಆ.

ನಿನಗೆ ಈ ಕಥೆ ಅರ್ಧ ಗೊತ್ತು. ಪೂರ್ತಿ ಹೇಳುತ್ತೇನೆ, ಕೇಳು. ನಮ್ಮ ಕಾಲೇಜಿನ ಮ್ಯೂಸಿಯಮ್ಮಿನಲ್ಲಿ ಕೆಳಗೆ ಸತ್ತ ಪ್ರಾಣಿಗಳನ್ನು ಸ್ಪಿರಿಟ್ಟಿನಲ್ಲಿಡುವ ಜಾಡಿಗಳ ಕೋಣೆ, ನನ್ನದು. ಮೇಲೆ ಒಣಗಿಡಗಳ ಕೋಣೆ, ಅಲ್ಲಿ ದಿನಗೂಲಿಗೆ ಬರುತ್ತಿದ್ದವಳು ನಿನ್ನ ಅಮ್ಮ. ಎರಡಕ್ಕೂ ಸೇರಿ ಒಂದೇ ರಿಜಿಸ್ಟರು, ಒಂದೇ ನಂಬರಿನ ಸಾಲು. ಹಾವು ಬಂದರೂ ಹುಲ್ಲು ಬಂದರೂ ಮುಂದಿನ ನಂಬರು. ಒಂದು ಮಂಗಳವಾರ ರಿಜಿಸ್ಟರು ಬೈಂಡಿಂಗಿಗೆ ಹೋಗಿತ್ತು. ಕೊನೆಯದು ೬೧೩, ಒಂದು ಕಪ್ಪೆ, ಎಂದು ಇಬ್ಬರಿಗೂ ಬಾಯಿಪಾಠ. ಅದೇ ದಿನ ಬಂದರಿನಿಂದ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಆ ಶಾರ್ಕ್ ಬಂತು. ಅದೇ ದಿನ ಕಾಂಪೌಂಡಿನ ಹಿಂದೆ ಇಪ್ಪತ್ತಾರು ವರ್ಷ ಸುಮ್ಮನೆ ಕೂತಿದ್ದ ಕತ್ತಾಳೆ ಹೂ ಬಿಟ್ಟಿತ್ತು, ನಿನ್ನ ಅಮ್ಮ ಏಣಿ ಹಾಕಿ ಹೂ ಇಳಿಸಿದಳು. ರಿಜಿಸ್ಟರು ಬಂದಮೇಲೆ ಬರೆದರಾಯಿತೆಂದು ಅವಳೂ ಚೀಟಿಯಲ್ಲಿ ೬೧೪ ಬರೆದಳು, ನಾನೂ ಬರೆದೆ.

ರಿಜಿಸ್ಟರು ವಾಪಸ್ ಬಂದಾಗ ಮೆಟ್ಟಿಲ ಮಧ್ಯೆ ಜಗಳ. "ನಂದು ಮೊದಲು" ಎಂದೆ. "ನಿಮ್ದು ಮಂಜುಗಡ್ಡೇಲಿ ಸತ್ತು ಬಂದಿದೆ, ಅದಕ್ಕೇನು ಅವಸರ? ನಂದಿನ್ನೂ ಉಸಿರಾಡ್ತಿದೆ" ಎಂದಳು. ಸುಮ್ಮನೆ ಹೇಳಿದ್ದಲ್ಲ. ಕತ್ತಾಳೆಯ ಹೂವನ್ನು ಬಿಸಿನೀರಿನಲ್ಲಿ ಅದ್ದದೆ ಒತ್ತಿದರೆ ಬ್ಲಾಟಿಂಗ್ ಪೇಪರಿನ ನಡುವೆಯೂ ಎರಡು ವಾರ ಜೀವ ಹಿಡಿದುಕೊಂಡಿರುತ್ತದಂತೆ. ನಮ್ಮ ಹಿರಿಯ ಕ್ಯುರೇಟರ್, ನಾವು ಫಾರ್ಮಾಲಿನ್ ಮೇಷ್ಟ್ರು ಅನ್ನುತ್ತಿದ್ದವರು, ರಿಜಿಸ್ಟರಿನಲ್ಲಿ ಒಂದು ಚಿತ್ತು ಬಿದ್ದರೂ ಸಹಿಸುತ್ತಿರಲಿಲ್ಲ. ಇಬ್ಬರ ಚೀಟಿಯನ್ನೂ ನೋಡಿ, "ಹೂವು ಅ, ಮೀನು ಆ. ಒಂದೇ ನಂಬರಿನೋರು ಇನ್ಮೇಲೆ ಕಿತ್ತಾಡದೆ ಇರಿ" ಎಂದರು. ಎರಡು ವರ್ಷಕ್ಕೆ ಮದುವೆಯಾಯಿತು. ಕಿತ್ತಾಟ ಮಾತ್ರ ನಿಲ್ಲಲಿಲ್ಲ. ನಾನು ಮುನಿಸಿಕೊಂಡು ಮಾತು ಬಿಟ್ಟಾಗಲೆಲ್ಲ ಅವಳು ಅನ್ನುತ್ತಿದ್ದದ್ದು ನಿನಗೆ ನೆನಪಿರಬೇಕು: "ಇಳಿದ್ರಾ ಆಳಕ್ಕೆ? ಇಳೀರಿ, ಇಳೀರಿ. ಮೂರೂವರೆ ವರ್ಷ ಆದ್ಮೇಲೆ ಊಟಕ್ಕೆ ಬನ್ನಿ." ನಾನು ಅವಳನ್ನು ಮುಳ್ಳಮ್ಮ ಅನ್ನುತ್ತಿದ್ದೆ. ನೀನು ಹುಟ್ಟಿದಾಗ, ಕತ್ತಾಳೆಯ ಬುಡದಲ್ಲಿ ಏಳುವುದೂ ಮರಿ, ಶಾರ್ಕ್ ಹೆರುವುದೂ ಮರಿ ಎಂದು ಇಬ್ಬರೂ ಜಗಳವಿಲ್ಲದೆ ಒಪ್ಪಿದ ಹೆಸರೇ ಇವತ್ತಿಗೂ ನಿನ್ನನ್ನು ಕರೆಯುವ ಹೆಸರು.

ಅಂಥದ್ದನ್ನು ಬಿಟ್ಟು ರೇಡಿಯೊ ಮತ್ತು ಟಿ.ವಿ. ಬರೆಯಲೇ?

ಬರೆದದ್ದನ್ನು ನಿನಗೂ ಹೇಳುತ್ತೇನೆ, ಯಾಕೆಂದರೆ ನಿನ್ನ ಸ್ಟಾಫ್ ರೂಮಿನಲ್ಲಿ ನಗುವವರು ಯಾರೂ ಅದನ್ನು ಓದಿಲ್ಲ. ಮೊದಲ ಸಾಲು, "ದಿ ಕತ್ತಾಳೆ ಈಸ್ ಎ ಪ್ಲಾಂಟ್. ದಿ ಶಾರ್ಕ್ ಈಸ್ ನಾಟ್." ಇದರಲ್ಲಿ ಒಂದು ತಪ್ಪು ತೋರಿಸು ನೋಡೋಣ. ಆಮೇಲೆ ಆನ್ ದಿ ಒನ್ ಹ್ಯಾಂಡ್, ಆನ್ ದಿ ಅದರ್ ಹ್ಯಾಂಡ್. ಕತ್ತಾಳೆಯದು ಕಲ್ಲು, ಬಿಸಿಲು, ಯಾರೂ ನೀರು ಹಾಕದ ಜಾಗ. ಈ ಶಾರ್ಕ್ ಇರುವುದು ಬಿಸಿಲು ಎಂದೂ ಇಳಿಯದ ಆಳದಲ್ಲಿ. ಹಾವಿನ ಹಾಗೆ ಉದ್ದ ಮೈ, ಕುತ್ತಿಗೆಯ ಸುತ್ತ ಝಾಲರಿ ಹೊಲಿದ ಕಾಲರಿನಂತೆ ಆರು ಸಾಲು ಕಿವಿರು. ಹಲ್ಲು ಹತ್ತಿರಹತ್ತಿರ ಮುನ್ನೂರು, ಒಂದೊಂದಕ್ಕೂ ಮೂರು ಮೊನೆ, ಎಲ್ಲ ಒಳಮುಖ. ಕತ್ತಾಳೆ ಎಲೆಯ ಅಂಚಿನ ಮುಳ್ಳೂ ಕೊಕ್ಕೆಯೇ. ಎರಡಕ್ಕೂ ಕೈ ಕೊಟ್ಟವನು ಕೈಯನ್ನು ಕೊಟ್ಟಷ್ಟು ಸುಲಭವಾಗಿ ವಾಪಸ್ ಪಡೆಯುವುದಿಲ್ಲ.

ಎರಡೂ ಕಾಯುತ್ತವೆ. ಕತ್ತಾಳೆ ಇಪ್ಪತ್ತು ಮೂವತ್ತು ವರ್ಷ ಮಾಡಲು ಕೆಲಸವೇ ಇಲ್ಲದ ಹಾಗೆ ಕೂತಿರುತ್ತದೆ. ಆಮೇಲೆ ಒಂದೆರಡು ತಿಂಗಳಲ್ಲಿ ಮನೆಯ ಸೂರು ದಾಟುವಷ್ಟು ಎತ್ತರಕ್ಕೆ ಕಂಬ ಎಬ್ಬಿಸಿ, ತುದಿಯಲ್ಲಿ ಹೂ ಬಿಟ್ಟು, ಅಲ್ಲಿಗೆ ಮುಗಿಯಿತೆಂದು ಸತ್ತುಹೋಗುತ್ತದೆ. ಶಾರ್ಕ್ ಮರಿಯನ್ನು ಹೊಟ್ಟೆಯಲ್ಲಿ ಮೂರೂವರೆ ವರ್ಷ ಹೊರುತ್ತದಂತೆ. ಅಂತೆ ಎಂದೇ ಬರೆದೆ, ಇಟ್ ಈಸ್ ಸೆಡ್. ಆ ಆಳಕ್ಕೆ ಹೋಗಿ ದಿನ ಎಣಿಸಿದವರು ಯಾರೂ ಇಲ್ಲ, ತಿಳಿದವರ ಅಂದಾಜು. ಹೆತ್ತು ಸಾಯುವುದಿಲ್ಲ, ಮತ್ತೆ ಕೆಳಗಿಳಿದು ಕತ್ತಲೆ ಸೇರಿಕೊಳ್ಳುತ್ತದೆ. ದಿಸ್ ಈಸ್ ದಿ ಕಾಂಟ್ರಾಸ್ಟ್.

ಕೊನೆಯ ಪ್ಯಾರಾದಲ್ಲಿ ಎಲೆಯ ಗುರುತಿನ ವಿಷಯ ಬರೆದೆ. ನಿನಗೆ ಅಮ್ಮ ತೋರಿಸಿದ್ದಾಳೆ. ಕತ್ತಾಳೆ ಎಲೆಗಳು ಮೊಗ್ಗಿನಲ್ಲಿ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಬಿಚ್ಚಿಕೊಂಡು ದೂರವಾದ ಮೇಲೂ ಒಂದರ ಮುಳ್ಳಿನ ಅಚ್ಚು ಇನ್ನೊಂದರ ಬೆನ್ನಿನ ಮೇಲೆ ಉಳಿದುಬಿಡುತ್ತದೆ. ಎಷ್ಟು ವರ್ಷವಾದರೂ ಹೋಗುವುದಿಲ್ಲ. ಶಾರ್ಕಿನಲ್ಲಿ ಇದಕ್ಕೆ ಸಮಾನವಾದದ್ದು ನನಗೆ ಸಿಗಲಿಲ್ಲ, ಸಿಗಲಿಲ್ಲವೆಂದೇ ಬರೆದೆ. ಮುಕ್ತಾಯ, "ದೇರ್‌ಫೋರ್ ದೆ ಆರ್ ವೆರಿ ಸೇಮ್, ನಾಟ್‌ವಿತ್‌ಸ್ಟ್ಯಾಂಡಿಂಗ್." ನಾಟ್‌ವಿತ್‌ಸ್ಟ್ಯಾಂಡಿಂಗ್ ಎಂಬ ಪದ ನಲವತ್ತೇಳು ವರ್ಷದಿಂದ ನನ್ನ ಹತ್ತಿರ ಖರ್ಚಾಗದೆ ಉಳಿದಿತ್ತು. ಎಲ್ಲಿ ಹಾಕಬೇಕೆಂದು ಸರಿಯಾಗಿ ಗೊತ್ತಿಲ್ಲ. ಅಲ್ಲಿ ಹಾಕಿದೆ.

ಉತ್ತರ ಪತ್ರಿಕೆಯಲ್ಲಿ ಜಾಗ ಮುಗಿದು, ಮೊದಲ ನಾಲ್ಕು ಸಾಲಿನ ನಂತರದ್ದೆಲ್ಲ ಅಡಿಷನಲ್ ಶೀಟಿನಲ್ಲಿ ಬರೆದೆ. ಅದನ್ನು ಮೂಲೆಯಲ್ಲಿ ಪೋಣಿಸಿದರೆ ಸಾಕಿತ್ತು. ಆದರೆ ಮೂವತ್ತಾರು ವರ್ಷ ಜಾಡಿಗೆ ಚೀಟಿ ಕಟ್ಟಿದ ಕೈ. ಹಾಳೆಯನ್ನು ಮಡಿಸಿ, ಸುತ್ತ ದಾರ ತಂದು, ನಮ್ಮ ಚೀಟಿ ಗಂಟು ಹಾಕಿಬಿಟ್ಟೆ. ಸ್ಪಿರಿಟ್ಟಿನಲ್ಲಿ ನೂರು ವರ್ಷ ನೆನೆದರೂ ಸಡಿಲವಾಗದ ಗಂಟು ಅದು. ಕಳೆದುಹೋಗಬಾರದಲ್ಲ ಎಂದು.

ಫಲಿತಾಂಶ ನಿನಗೆ ಗೊತ್ತು. ಬೇಕಾದದ್ದು ಮೂವತ್ತೈದು, ಬಂದದ್ದು ಇಪ್ಪತ್ತೊಂಬತ್ತು. ಜೆರಾಕ್ಸ್ ತರಿಸಿದೆ. ಆ ನಾಲ್ಕು ಸಾಲಿನ ಮೇಲೆ ಓರೆಯಾಗಿ ಒಂದು ಗೀಟು, ಪಕ್ಕದಲ್ಲಿ "ನಾಟ್ ಕಂಪೇರಬಲ್" ಎಂದು ಬರೆದು ಸೊನ್ನೆ. ಕೆಳಗೆ ಮಡಿಸಿದ ಹಾಳೆಯ ಕಪ್ಪು ನೆರಳು, ನೆರಳಿನ ನಡುವೆ ಗಂಟು. ನೋಡಿದ ತಕ್ಷಣ ತಿಳಿಯಿತು, ಬಿಚ್ಚಿಲ್ಲ. ಒಳಗಿನದನ್ನು ಓದಿ ಸೊನ್ನೆ ಹಾಕಿದ್ದರೆ ನಾನು ಬಾಯಿ ಮುಚ್ಚಿಕೊಂಡು ಇನ್ನೊಂದು ಸಲ ಕೂರುತ್ತಿದ್ದೆ. ಓದದೆ ಹೇಗೆ ಹಾಕುತ್ತಾನೆ? ಹೋಲಿಸಲು ಬರುವುದಿಲ್ಲ ಎನ್ನಲು ಅವನ್ಯಾರು? ನಾನು ಆ ಎರಡರ ನಡುವೆ ಸಂಸಾರ ಮಾಡಿದವನು.

ಅದಕ್ಕೇ ದೂರು. ನಿನ್ನ ಮುಖಕ್ಕೆ ಬೆಲೆ ಇದೆ ಮರಿ, ಆದರೆ ಆ ಹಾಳೆಗೂ ಇದೆ. ಮಂಡಿ ಜುಮುಗುಡುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಸೋಮವಾರ ಹೋಗಿಬಂದು ಉಳಿದದ್ದು ಬರೆದು ಒಟ್ಟಿಗೇ ಅಂಚೆಗೆ ಹಾಕುತ್ತೇನೆ.

ಮಂಗಳವಾರ, ಮಧ್ಯಾಹ್ನ

ಹೋಗಿಬಂದೆ. ನಿನ್ನ ಮುಖ್ಯಸ್ಥರು ಟೀ ಕುಡಿಯುವ ಮೊದಲೇ ನಿನಗೆ ವಿಷಯ ತಲುಪಲೆಂದು ಈ ಕಾಗದವನ್ನು ಇವತ್ತೇ ಮುಗಿಸುತ್ತಿದ್ದೇನೆ.

ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಮಂಡಿ ಮುನಿಸಿಕೊಂಡಿತು, ನಾನು ಅದರ ಮಾತು ಕೇಳಲಿಲ್ಲ. ಉದ್ದ ಮೇಜಿನ ಆಚೆ ಮೂವರು. ನಡುವೆ ಪರೀಕ್ಷಾ ವಿಭಾಗದ ದೊಡ್ಡವರು, ಎಡಗಡೆ ಕನ್ನಡಕವನ್ನು ಸರಪಳಿಯಲ್ಲಿ ಇಳಿಬಿಟ್ಟುಕೊಂಡ ಇಂಗ್ಲಿಷ್ ಮೇಡಂ, ಬಲಗಡೆ ಕಡತ ಹಿಡಿದ ಗುಮಾಸ್ತ. ಸೊನ್ನೆ ಹಾಕಿದವರು ಬಂದಿರಲಿಲ್ಲ. ರಜೆಯಂತೆ.

ದೊಡ್ಡವರು ಒಳ್ಳೆಯವರೇ. ಎದ್ದು ಕೈ ಮುಗಿದು ಕುರ್ಚಿ ತೋರಿಸಿದರು. "ಯಜಮಾನ್ರೇ, ಈ ವಯಸ್ಸಲ್ಲಿ ನಿಮ್ಮ ಉತ್ಸಾಹ ನೋಡಿ ನಮಗೆಲ್ಲ ಸಂತೋಷ. ಆರು ಅಂಕ ತಾನೇ ಕಡಿಮೆ? ಹಿರಿಯರು ಅಂತ ಗ್ರೇಸ್ ಕೊಟ್ಟುಬಿಡೋಣ. ದೂರು ಹಿಂದಕ್ಕೆ ತಗೊಳ್ಳಿ, ಹೋಗ್ತಾ ಸರ್ಟಿಫಿಕೇಟಿಗೆ ಅರ್ಜಿ ಹಾಕಿ ಹೋಗಿ. ನಿಮ್ಮ ಮಗಳೂ ನಮ್ಮೋರೇ."

ನೋಡು, ಎಷ್ಟು ಸುಲಭ. ನಿನ್ನ ಮರ್ಯಾದೆ ಉಳಿಯುತ್ತಿತ್ತು, ನನ್ನ ಹೆಸರಿನ ಮುಂದೆ ಬಿ.ಎಸ್ಸಿ. ಬರುತ್ತಿತ್ತು. ಟೀ ಕೂಡ ಬಂದಿತ್ತು, ಬಿಸ್ಕತ್ತು ಸಮೇತ.

"ಗ್ರೇಸ್ ಬೇಡ ಸರ್" ಎಂದೆ. "ಯಾಕೆ?" ಎಂದರು. "ಗ್ರೇಸ್ ತಗೊಂಡ್ರೆ ಆ ಸೊನ್ನೆ ಸರಿ ಅಂತ ನಾನೇ ಒಪ್ಕೊಂಡ ಹಾಗಾಗುತ್ತೆ. ನಂಗೆ ಅಂಕ ಕೊಡಬೇಡಿ. ಓದಿ. ಓದಿ ಆಮೇಲೆ ಸೊನ್ನೆ ಕೊಡಿ, ನಮಸ್ಕಾರ ಮಾಡಿ ಎದ್ದು ಹೋಗ್ತೀನಿ."

ಗುಮಾಸ್ತ ಕಡತದ ಹಿಂದೆ ನಕ್ಕ. ಅವನ ನಗು ನೋಡಿಕೊಂಡೇ ಹೇಳಿದೆ, "ನಗಿ, ಪರವಾಗಿಲ್ಲ. ಮೂಲ ಪ್ರತಿ ತೆಗೀರಿ." ತೆಗೆದ. ಮೇಜಿನ ಮೇಲೆ ಇಟ್ಟ. ಗಂಟು ನಾನು ಹಾಕಿದ ಹಾಗೇ ಇತ್ತು.

ಇಂಗ್ಲಿಷ್ ಮೇಡಂ ಕನ್ನಡಕ ಏರಿಸಿಕೊಂಡು ಗಂಟು ನೋಡಿದರು, ನನ್ನನ್ನು ನೋಡಿದರು. "ಇದನ್ನ ಯಾರೂ ಬಿಚ್ಚೇ ಇಲ್ವಲ್ಲ ಸರ್" ಎಂದರು ದೊಡ್ಡವರಿಗೆ.

"ಹಿಂಗೆ ಕಟ್ಟಿದ್ರೆ ಯಾರ್ ಬಿಚ್ತಾರೆ?" ಎಂದರು ದೊಡ್ಡವರು. "ಯಜಮಾನ್ರೇ, ಇದು ಉತ್ತರ ಪತ್ರಿಕೇನೋ ಪಾರ್ಸಲ್ಲೋ?"

ಅದು ನನ್ನ ತಪ್ಪು, ಒಪ್ಪಿಕೊಂಡೆ. ಮೇಡಂ ಉಗುರಿನಿಂದ ಕೀಳಲು ನೋಡಿ, ಆಗದೆ ಕತ್ತರಿ ಕೇಳಿದರು. "ಕತ್ತರಿ ಬೇಡ ಮೇಡಂ" ಎಂದೆ. ಜಾಡಿ ಕೋಣೆಯಲ್ಲಿ ಯಾರೂ ಚೀಟಿ ದಾರ ಕತ್ತರಿಸುವುದಿಲ್ಲ. ಗಂಟನ್ನು ಎರಡು ಬೆರಳಲ್ಲಿ ಒಳಗೆ ಒತ್ತಿದರೆ ತಾನೇ ಬಾಯಿ ಬಿಡುತ್ತದೆ, ಎಳೆದರೆ ಬಿಗಿಯುತ್ತದೆ. ತೋರಿಸಿಕೊಟ್ಟೆ. ಮೇಡಂ ಒತ್ತಿದರು, ಬಿಚ್ಚಿಕೊಂಡಿತು. "ಅಯ್ಯೋ, ಇಷ್ಟೇನಾ" ಎಂದರು. ಇಷ್ಟೇ. ಎರಡು ಬೆರಳು.

ಆಮೇಲೆ ಓದಿದರು. ನಿಧಾನವಾಗಿ, ತುಟಿ ಅಲ್ಲಾಡಿಸುತ್ತ. ಗೋಡೆ ಗಡಿಯಾರ ನೋಡಿಕೊಂಡಿದ್ದೆ, ಒಂಬತ್ತು ನಿಮಿಷ. ಎಲೆಯ ಅಚ್ಚಿನ ಪ್ಯಾರಾ ಬಂದಾಗ ಓದುವುದು ನಿಲ್ಲಿಸಿ ಕಿಟಕಿಯ ಕಡೆ ಸ್ವಲ್ಪ ಹೊತ್ತು ನೋಡಿದರು. ಕೊನೆಗೆ ಬಂದಾಗ ಜೋರಾಗಿ ನಕ್ಕರು. "ಇದೇನ್ ಸರ್, ನಾಟ್‌ವಿತ್‌ಸ್ಟ್ಯಾಂಡಿಂಗ್ ಅಂತ ಬರೆದು ಫುಲ್‌ಸ್ಟಾಪ್ ಇಟ್ಟಿದೀರ? ಯಾವುದನ್ನ ಬಿಟ್ಟು ಅಂತ ಮುಂದೆ ಹೇಳ್ಬೇಕಲ್ವಾ?"

"ಎಲ್ಲಾನೂ ಬಿಟ್ಟು, ಮೇಡಂ" ಎಂದೆ.

ದೊಡ್ಡವರು ತಮ್ಮ ಪಟ್ಟು ಬಿಡಲಿಲ್ಲ. "ಮೇಡಂ, ಹೋಲಿಕೆ ಅಂದ್ಮೇಲೆ ಒಂದೇ ಜಾತಿ ವಸ್ತು ಇರಬೇಕು. ಹೂವಿಗೂ ಮೀನಿಗೂ ಎಲ್ಲಿಂದೆಲ್ಲಿಗೆ? ಪರೀಕ್ಷಕರು ಬರೆದಿದ್ದು ನ್ಯಾಯವಾಗೇ ಇದೆ."

ಮೇಡಂ ಪ್ರಶ್ನೆಪತ್ರಿಕೆಯನ್ನು ಅವರ ಮುಂದೆ ತಿರುಗಿಸಿಟ್ಟರು. "ಎನಿ ಟೂ ಥಿಂಗ್ಸ್ ಅಂತಿದೆ ಸರ್. ನಾವೇ ಕೇಳಿದ್ದು. ಇವರಿಗೆ ಗೊತ್ತಿರೋದು ಇವೆರಡು. ಇಂಗ್ಲಿಷ್ ಬಿದ್ದುಹೋಗಿದೆ, ಸುಳ್ಳು ಹೇಳಲ್ಲ. ಆರ್ಟಿಕಲ್ ಇಲ್ಲ, ಕ್ರಿಯಾಪದ ಎಲ್ಲೆಲ್ಲೋ ಓಡಾಡ್ತಿವೆ. ಹೋಲಿಕೆ ಮಾತ್ರ ಹೋಲಿಕೇನೇ. ಹದಿನೈದಕ್ಕೆ ಐದು ಕೊಡ್ತೀನಿ, ಅದಕ್ಕಿಂತ ಜಾಸ್ತಿ ಕೊಟ್ರೆ ನಾನು ಟೀಚರ್ ಅಲ್ಲ."

ಲೆಕ್ಕ ಮಾಡು ಮರಿ. ಇಪ್ಪತ್ತೊಂಬತ್ತು ಮತ್ತು ಐದು. ಮೂವತ್ತನಾಲ್ಕು.

ಗುಮಾಸ್ತ ಈ ಸಲ ನಗಲಿಲ್ಲ, ಅವನೇ ಮೆಲ್ಲಗೆ ಹೇಳಿದ, "ಒಂದು ಅಂಕ, ಸರ್. ಒಂದು ಗ್ರೇಸ್ ಹಾಕಿದ್ರೆ..." ದೊಡ್ಡವರು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು. "ಒಂದಕ್ಕೂ ಬೇಡ ಅನ್ಬೇಡಿ ಯಜಮಾನ್ರೇ. ಇನ್ನೊಂದೇ ಅವಕಾಶ ಉಳಿದಿರೋದು ನಿಮಗೆ. ನಿಮಗೆ ಎಪ್ಪತ್ತು ಹತ್ರ ಬಂತು."

"ಅರವತ್ತೊಂಬತ್ತು" ಎಂದೆ. "ಮೇಡಂ ಐದು ಕೊಟ್ಟಿದ್ದು ಓದಿ ಕೊಟ್ಟಿದ್ದು. ಅದನ್ನ ಒಂದು ದಯೆ ಜೊತೆ ಬೆರೆಸಿ ಕೊಡಬೇಡಿ, ಕೆಟ್ಟುಹೋಗುತ್ತೆ. ಮೂವತ್ತನಾಲ್ಕು ಅಂತಲೇ ಬರೀರಿ. ಆ ಒಂದನ್ನ ಮುಂದಿನ ಪರೀಕ್ಷೇಲಿ ನಾನೇ ತಗೋತೀನಿ."

ಬರೆದರು. ಸೊನ್ನೆಗೆ ಗೀಟು ಎಳೆದು ಐದು ಎಂದು ಬರೆದು, ಮೂವರೂ ಸಹಿ ಹಾಕಿದರು. "ನಾಟ್ ಕಂಪೇರಬಲ್" ಅನ್ನುವುದರ ಮೇಲೂ ಗೀಟು ಎಳೆಯಿರಿ ಎಂದೆ, ಅದನ್ನೂ ಎಳೆದರು. ಹೊರಡುವಾಗ ಮೇಡಂ ಬಾಗಿಲವರೆಗೂ ಬಂದು, "ಸರ್, ಮುಂದಿನ ಸಲ ರೇಡಿಯೊ ಟಿ.ವಿ. ಬರೀರಿ, ಸೇಫು" ಎಂದರು. "ಅದು ನಂಗೆ ಗೊತ್ತಿಲ್ಲ ಮೇಡಂ" ಎಂದೆ. "ಇದನ್ನೇ ಬರೀತೀನಿ. ಗಂಟು ಮಾತ್ರ ಹಾಕಲ್ಲ."

ಹೀಗೆ, ನಿನ್ನ ಅಪ್ಪ ಐದನೇ ಸಲ ಫೇಲಾದ. ನಿನ್ನ ಮುಖ್ಯಸ್ಥರು ಕೇಳಿದರೆ ತಲೆ ತಗ್ಗಿಸಬೇಡ. ಶಾರ್ಕ್ ಚೆನ್ನಾಗಿದೆ, ಒಂದು ಅಂಕ ಕಡಿಮೆ, ಮುಂದಿನ ಪರೀಕ್ಷೆಗೆ ಓದುತ್ತಿದೆ ಎಂದು ಹೇಳು. ಮೂರು ಮಹಡಿ ಇಳಿಯುವಾಗ ಮಂಡಿ ನೋಯಲೇ ಇಲ್ಲ ಎಂದರೆ ನೀನು ನಂಬುವುದಿಲ್ಲ. ನೋಯಿತು. ಆದರೆ ನಾನು ಗಮನಿಸಲಿಲ್ಲ.

ಪರೀಕ್ಷೆಗೆ ಮುಂಚೆ ನೀನು ಒಂದು ವಾರ ಬಂದು ಆರ್ಟಿಕಲ್ ಹೇಳಿಕೊಡುವೆಯಾ? ಬೈಯುತ್ತಲೇ ಹೇಳಿಕೊಡು, ಪರವಾಗಿಲ್ಲ. ಮೊಮ್ಮಗಳನ್ನೂ ಕರೆತಾ. ಮ್ಯೂಸಿಯಮ್ಮಿನ ಜಾಡಿ ಇನ್ನೂ ಅಲ್ಲೇ ಇದೆ, ಮೊದಲಿನ ಕಂದು ಬಣ್ಣ ಹೋಗಿ ಬಿಳಿಚಿಕೊಂಡಿದೆ, ಆದರೆ ಹಲ್ಲು ಎಲ್ಲ ಇವೆ. ಅವಳಿಗೆ ಹೊಸ ಹಲ್ಲು ಬೇಗ ಬರಲಿ. ಅಳಿಯಂದಿರು ಆರೋಗ್ಯವಾಗಿರಲಿ. ನೀನು ನನ್ನಂತೆ ಮೊಂಡಾಗಿಯೂ ನಿನ್ನ ಅಮ್ಮನಂತೆ ಬುದ್ಧಿವಂತಳಾಗಿಯೂ ನೂರು ಕಾಲ ಬಾಳು.

ಇಂತಿ ನಿನ್ನ ಅಪ್ಪ,
೬೧೪ ಆ

ವಿ.ಸೂ.: ಇದರ ಜೊತೆ ಎರಡು ರಟ್ಟಿನ ನಡುವೆ ಇರುವುದೇ ನೀನು ಕೇಳಿದ ಹಾಳೆ. ಏಣಿ ಹತ್ತಿ ಇಳಿಸಿದ ಆ ಹೂಗಳಲ್ಲೇ ಒಂದು, ಮ್ಯೂಸಿಯಮ್ಮಿಗೆ ಒಂದು ಕೊಟ್ಟು ತನಗೆಂದು ಒಂದು ಒತ್ತಿಟ್ಟುಕೊಂಡಿದ್ದಳು. ಹಾಳೆಗೆ ಅಂಟಿಸಿದ್ದು ತುಂಬ ತಡವಾಗಿ, ನಿನಗೆ ಒಂಬತ್ತು ವರ್ಷವಾಗಿದ್ದಾಗ. ನಿನಗೆ ಕಳಿಸುವ ಮುಂಚೆ ಅಂಟು ಬಿಟ್ಟಿದೆಯೇನೋ ಎಂದು ಹಿಂದೆ ತಿರುಗಿಸಿ ನೋಡಿದೆ. ನೀನೂ ತಿರುಗಿಸಿ ನೋಡು.

ಹಾಳೆಯ ಹಿಂಬದಿ ಇರುವುದು ಡಿಗ್ರಿ ಪರೀಕ್ಷೆಗೆ ಮನೆಯಲ್ಲಿದ್ದುಕೊಂಡೇ ಕಟ್ಟುವವರ ಅರ್ಜಿ. ಮೇಲಿನ ಕೋಣೆಯಲ್ಲಿ ಖಾಯಂ ಆಗಲು ಡಿಗ್ರಿ ಬೇಕಿತ್ತು. ಆ ದಿನ ಅವಳು ಜಾಡಿ ಕೋಣೆಗೆ ಇಳಿದು ಬಂದಳು, ನಾನು ಸ್ಪಿರಿಟ್ ತುಂಬುತ್ತಿದ್ದೆ. ಅರ್ಜಿಯನ್ನು ಎರಡು ಮಡಿಕೆ ಮಾಡಿ ಹಿಡಿದಿದ್ದಳು. "ಒಂದು ಸಹಿ ಬೇಕು ನಿಮ್ದು. ಓದಿ ನೋಡಿ ಹಾಕಿ" ಎಂದಳು. ನಾನು ಕೈ ಕೂಡ ಒರೆಸಿಕೊಳ್ಳಲಿಲ್ಲ. "ಮನೆಗೊಬ್ಬ ಗ್ರಾಜುಯೇಟ್ ಸಾಕು" ಎಂದೆ. ಅವಳು "ಸರಿ" ಎಂದು ಮೇಲೆ ಹೋದಳು. ಆಮೇಲೂ ಇಪ್ಪತ್ತು ವರ್ಷ ದಿನಗೂಲಿಗೇ ಹೂ ಒತ್ತಿದಳು. ಆ ಮನೆಯಲ್ಲಿ ಒಬ್ಬ ಗ್ರಾಜುಯೇಟೂ ಇರಲಿಲ್ಲ ಎಂಬುದು ನನಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ. ಯಾರಿಗೋಸ್ಕರ ಪಾಸಾಗಬೇಕು ಎಂದು ಕೇಳಿದೆಯಲ್ಲ, ಇದಕ್ಕೆ.

ಅರ್ಜಿಯ ಒಂಬತ್ತನೇ ಕಾಲಂ ನೋಡು, ಗಂಡನ ವಿದ್ಯಾರ್ಹತೆ. ಅವಳ ದುಂಡು ಅಕ್ಷರ: "ಬಿ.ಎಸ್ಸಿ., ಇಂಗ್ಲಿಷ್ ಒಂದು ಬಿಟ್ಟು. ಇಬ್ಬರೂ ಒಟ್ಟಿಗೆ ಕಟ್ಟುತ್ತೇವೆ." ಅವಳಿಗೆ ಗೊತ್ತಿತ್ತು ಮರಿ. ಜೊತೆಯಲ್ಲಿ ಕೂರಲು ಕರೆಯಲು ಬಂದಿದ್ದಳು. ನಾನು ಮಡಿಕೆ ಬಿಚ್ಚಿದ್ದರೆ ಸಾಕಿತ್ತು. ಓದದೆ ಸೊನ್ನೆ ಹಾಕಿದವನ ಮೇಲೆ ನಾನು ದೂರು ಕೊಟ್ಟೆ. ಅವಳು ಕೊಡಲಿಲ್ಲ. ಹಾಳೆಯನ್ನು ತಿರುಗಿಸಿ ಹೂ ಅಂಟಿಸಿದಳು.

ಚೌಕಟ್ಟು ಹಾಕಿಸುವಾಗ ಹಿಂದೆ ರಟ್ಟು ಹಾಕಿಸಬೇಡ. ಎರಡೂ ಕಡೆ ಗಾಜು ಹಾಕಿಸು.